ಛೇದದಲ್ಲಿ ಆ ‘ಒಂದು’ ಎಲ್ಲಿಂದ ಬಂತು?

ಪ್ರಶ್ನೆ: ನನ್ನ ಮಗಳು ಪ್ರಥಮ ಪಿಯುಸಿ ಓದುತ್ತಿದ್ದಾಳೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ. ಗುಣೋತ್ತರ ಶ್ರೇಢಿಯ ಸೂತ್ರಗಳೆಲ್ಲ ಅವಳಿಗೆ ಬಾಯಿಪಾಠವಾಗಿವೆ, ಲೆಕ್ಕವೂ ಸರಿ ಬರುತ್ತದೆ. ಆದರೆ ಮೊತ್ತದ ಸೂತ್ರದ ಛೇದದಲ್ಲಿ ‘ಆರ್ ಮೈನಸ್ ಒಂದು’ ಯಾಕೆ ಬಂತು ಎಂದು ಕೇಳಿದರೆ ‘ಅದು ಇರುವುದೇ ಹಾಗೆ ಅಮ್ಮ’ ಎನ್ನುತ್ತಾಳೆ. ಮುಗಿಯದಷ್ಟು ಪದಗಳನ್ನು ಕೂಡಿದರೂ ಉತ್ತರ 1 ಎಂದೋ 2 ಎಂದೋ ಬರುತ್ತದಂತೆ. ಬಿ.ಕಾಂ. ಓದಿದ ನನಗೆ ಅದು ಗಂಟಲಲ್ಲಿ ಇಳಿಯುತ್ತಿಲ್ಲ. ಇದನ್ನು ಅರ್ಥ ಮಾಡಿಕೊಂಡು ಕಲಿಯುವ ದಾರಿ ಯಾವುದು? ದಿನನಿತ್ಯಕ್ಕೆ ಇದರಿಂದ ಏನಾದರೂ ಪ್ರಯೋಜನವಿದೆಯೇ?

ಉತ್ತರ: ‘ಅದು ಇರುವುದೇ ಹಾಗೆ’ ಎಂಬ ಮಾತನ್ನು ‘ಅಮ್ಮ’ ಇದ್ದಲ್ಲಿ ‘ಸರ್’ ಹಾಕಿ ನಾನು ಪಾಠ ಹೇಳಿದಷ್ಟು ವರ್ಷವೂ ಕೇಳಿದ್ದೇನೆ. ಮಕ್ಕಳನ್ನು ದೂರುವಂತಿಲ್ಲ. ಸೂತ್ರವನ್ನು ಹಲಗೆಯ ಮೇಲೆ ಬರೆದು ಸುತ್ತ ಚೌಕ ಎಳೆದುಬಿಟ್ಟರೆ, ಅದರೊಳಗೆ ಇಣುಕಿ ನೋಡಬಾರದು ಎಂದೇ ಅವರು ತಿಳಿಯುತ್ತಾರೆ. ನಿಮ್ಮ ಎರಡೂ ಸಂದೇಹಗಳಿಗೆ ಒಂದೇ ಬೀಗದಕೈ ಇದೆ. ಅದನ್ನು ತೋರಿಸುತ್ತೇನೆ. ಅಕ್ಷರಗಳ ಗೊಡವೆ ಬೇಡ, ಮಾತಿನಲ್ಲೇ ಹೇಳುತ್ತೇನೆ. ನಮ್ಮ ಹಳೆಯ ಗಣಿತಜ್ಞರು ಹಾಗೆಯೇ ಹೇಳುತ್ತಿದ್ದರು.

ಮೊದಲು ಹೆಸರು. ಗುಣೋತ್ತರ ಎಂಬಲ್ಲಿರುವ ‘ಉತ್ತರ’ಕ್ಕೂ ಪ್ರಶ್ನೆಗೆ ಕೊಡುವ ಉತ್ತರಕ್ಕೂ ಸಂಬಂಧವಿಲ್ಲ. ಹಳೆಯ ಗಣಿತ ಗ್ರಂಥಗಳಲ್ಲಿ ಒಂದು ಪದದಿಂದ ಮುಂದಿನ ಪದಕ್ಕೆ ಆಗುವ ಹೆಚ್ಚಳಕ್ಕೆ ‘ಚಯ’ ಅಥವಾ ‘ಉತ್ತರ’ ಎನ್ನುತ್ತಿದ್ದರು. ಗುಣ ಎಂದರೆ ಗುಣಿಸುವ ಸಂಖ್ಯೆ. ಪ್ರತಿ ಸಲವೂ ಗುಣಿಸಿ ಮುಂದಕ್ಕೆ ಹೋಗುವುದು ಗುಣೋತ್ತರ, ಅಷ್ಟೇ. ಹತ್ತನೆಯ ತರಗತಿಯಲ್ಲಿ ಕಲಿತ ಸಮಾಂತರ ಶ್ರೇಢಿಯಲ್ಲಿ ಪ್ರತಿ ಸಲ ಅಷ್ಟನ್ನೇ ಕೂಡುತ್ತೇವೆ. ಇಲ್ಲಿ ಪ್ರತಿ ಸಲ ಅಷ್ಟರಿಂದಲೇ ಗುಣಿಸುತ್ತೇವೆ. ಯಾವ ಪದವನ್ನು ಅದರ ಹಿಂದಿನ ಪದದಿಂದ ಭಾಗಿಸಿದರೂ ಒಂದೇ ಸಂಖ್ಯೆ ಬಂದರೆ ಅದು ಗುಣೋತ್ತರ ಶ್ರೇಢಿ, ಆ ಸಂಖ್ಯೆಯೇ ಸಾಮಾನ್ಯ ಅನುಪಾತ. 3, 6, 12, 24 ಒಂದು. 5, −10, 20, −40 ಇನ್ನೊಂದು.

ನಿಮ್ಮ ಅಜ್ಜಿಯ ಅಡುಗೆಮನೆಯಲ್ಲಿ ಒಂದು ಗುಣೋತ್ತರ ಶ್ರೇಢಿ ಸಾಲಾಗಿ ಕುಳಿತಿದ್ದಿರಬೇಕು. ಸೇರು, ಅದರ ಅರ್ಧ ಅಚ್ಚೇರು, ಅದರ ಅರ್ಧ ಪಾವು, ಅದರ ಅರ್ಧ ಅರೆಪಾವು, ಅದರ ಅರ್ಧ ಚಟಾಕು. ನಮ್ಮ ಭಾಷೆಯ ಭಿನ್ನರಾಶಿಗಳೂ ಇದೇ ಸಾಲು: ಅರೆ, ಕಾಲು, ಅರೆಕಾಲು, ವೀಸ. ರೂಪಾಯಿಗೆ ಹದಿನಾರು ಆಣೆ ಇದ್ದ ಕಾಲದಲ್ಲಿ ಎಂಟಾಣೆ, ನಾಲ್ಕಾಣೆ, ಎರಡಾಣೆ, ಒಂದಾಣೆ. ಅಳೆದವರಿಗೂ ಎಣಿಸಿದವರಿಗೂ ಇದು ಶ್ರೇಢಿ ಎಂದು ಗೊತ್ತಿರಲಿಲ್ಲ, ಗೊತ್ತಿರಬೇಕಾದ ಅಗತ್ಯವೂ ಇರಲಿಲ್ಲ. ಈ ಪಾತ್ರೆಗಳನ್ನು ಪಕ್ಕದಲ್ಲಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತವೆ.

ಈಗ ಆ ಛೇದ. 2, 6, 18, 54 ಎಂಬ ನಾಲ್ಕು ಪದಗಳನ್ನು ಕೂಡಬೇಕು ಎಂದುಕೊಳ್ಳಿ. ಅನುಪಾತ 3. ಮಗಳಿಗೆ ಕಲಿಸಿರುವ ರೀತಿ ಬಹುಶಃ ಇದು: ಇಡೀ ಸಾಲನ್ನು 3ರಿಂದ ಗುಣಿಸಿ, ಒಂದು ಮನೆ ಪಕ್ಕಕ್ಕೆ ಸರಿಸಿ ಬರೆದು, ಕಳೆಯುವುದು.

ಮೂಲ ಮೊತ್ತ: 2 + 6 + 18 + 54
ಮೂರು ಪಟ್ಟು: 6 + 18 + 54 + 162

ಕೆಳಗಿನದರಿಂದ ಮೇಲಿನದನ್ನು ಕಳೆದರೆ ನಡುವಿನ 6, 18, 54 ಎಲ್ಲ ಹೊಡೆದುಹೋಗಿ 162 − 2 ಮಾತ್ರ ಉಳಿಯುತ್ತದೆ. ಮೂರು ಪಟ್ಟಿನಿಂದ ಒಂದು ಪಟ್ಟು ಕಳೆದರೆ ಎರಡು ಪಟ್ಟು. ಹಾಗಾಗಿ ಮೊತ್ತದ ಎರಡು ಪಟ್ಟು 160, ಮೊತ್ತ 80. ಲೆಕ್ಕ ಸರಿ. ಆದರೆ ಇಲ್ಲಿಗೇ ನಿಲ್ಲಿಸಿದರೆ ಇದೊಂದು ಕೈಚಳಕವಾಗಿಯೇ ಉಳಿಯುತ್ತದೆ. ‘ಅದು ಇರುವುದೇ ಹಾಗೆ’ ಹುಟ್ಟುವುದು ಇಲ್ಲಿಯೇ.

ಇದನ್ನೇ ಮೆಟ್ಟಿಲು ಹತ್ತುವಂತೆ ನೋಡಿ. 2ರಲ್ಲಿ ನಿಂತವರು 6ಕ್ಕೆ ಹತ್ತಬೇಕಾದರೆ 4 ಏರಬೇಕು. 6ರಿಂದ 18ಕ್ಕೆ 12. 18ರಿಂದ 54ಕ್ಕೆ 36. 54ರಿಂದ 162ಕ್ಕೆ 108. ಈ ಏರಿಕೆಗಳನ್ನು ಗಮನಿಸಿ: 4, 12, 36, 108. ಪ್ರತಿಯೊಂದೂ ತಾನು ಹೊರಟ ಪದದ ಎರಡು ಪಟ್ಟು. ಆಗಲೇಬೇಕಲ್ಲ, ಮೂರು ಪಟ್ಟಾಗಲು ಈಗಾಗಲೇ ಇರುವುದರ ಮೇಲೆ ಇನ್ನೆರಡು ಪಟ್ಟು ಸೇರಬೇಕು. ಅಂದರೆ ಏರಿಕೆಗಳನ್ನೆಲ್ಲ ಕೂಡಿದರೆ ನಮ್ಮ ಮೊತ್ತದ ಎರಡು ಪಟ್ಟು ಸಿಗುತ್ತದೆ. ಏರಿಕೆಗಳನ್ನು ಕೂಡಲು ಶ್ರಮವೇ ಇಲ್ಲ: 2ರಲ್ಲಿ ಹೊರಟು 162ಕ್ಕೆ ಮುಟ್ಟಿದ್ದೇವೆ, ಒಟ್ಟು ಏರಿದ್ದು 160. ಅದನ್ನು 2ರಿಂದ ಭಾಗಿಸಿದರೆ 80.

ಛೇದದಲ್ಲಿರುವ ‘ಅನುಪಾತದಲ್ಲಿ ಒಂದು ಕಳೆ’ ಎಂಬುದು ಇದೇ. ಪ್ರತಿ ಹೆಜ್ಜೆಯಲ್ಲಿ ಇದ್ದದ್ದು ಹಾಗೇ ಇದೆ, ಅದು ಆ ‘ಒಂದು’. ಅದರ ಮೇಲೆ ಎಷ್ಟು ಪಟ್ಟು ಹೊಸದಾಗಿ ಬೆಳೆಯಿತು ಎಂಬುದು ‘ಅನುಪಾತ ಕಳೆ ಒಂದು’. ಅಂಶದಲ್ಲಿ ಒಟ್ಟು ಏರಿಕೆ, ಛೇದದಲ್ಲಿ ಏರಿಕೆಯ ದರ. ಅನುಪಾತವೇ 1 ಆದರೆ ಏರಿಕೆಯೇ ಇಲ್ಲ, ಛೇದ ಸೊನ್ನೆ, ಸೂತ್ರ ಕೈಕೊಡುತ್ತದೆ. ಆಗ ಪದವನ್ನು ಎಷ್ಟು ಸಲ ಬರೆದಿದೆಯೋ ಅಷ್ಟರಿಂದ ಗುಣಿಸಿದರೆ ಮುಗಿಯಿತು. ಅನುಪಾತ 2 ಆದಾಗ ಛೇದ 1. ಹಾಗಾಗಿಯೇ ದುಪ್ಪಟ್ಟಾಗುವ ಸಾಲುಗಳ ಮೊತ್ತ ಅಷ್ಟು ಸಲೀಸು: 1 + 2 + 4 + 8 ಎಂದರೆ 16ಕ್ಕೆ ಒಂದು ಕಡಿಮೆ.

ಈ ನಿಯಮ ನಮ್ಮ ನೆಲದಲ್ಲಿ ಸಾವಿರದ ನೂರು ವರ್ಷಗಳಿಗೂ ಹಿಂದೆ ಸ್ಪಷ್ಟವಾಗಿ ಬರೆದಿಟ್ಟದ್ದು. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ ಬರೆದರು. ನೃಪತುಂಗನ ರಾಜಧಾನಿ ಮಾನ್ಯಖೇಟ ಈಗ ಕಲಬುರಗಿ ಜಿಲ್ಲೆಯ ಮಳಖೇಡ. ಅದೇ ದೊರೆಯ ಆಸ್ಥಾನದ ‘ಕವಿರಾಜಮಾರ್ಗ’ವನ್ನು ಎಲ್ಲರೂ ನೆನೆಯುತ್ತಾರೆ, ಈ ಗಣಿತ ಗ್ರಂಥವನ್ನು ನೆನೆಯುವವರು ಕಡಿಮೆ ಎಂಬುದು ನನ್ನ ಹಳೆಯ ಕೊರಗು. ಮಹಾವೀರರು ಹೇಳುವ ಕ್ರಮ ಹೀಗೆ: ಪದಗಳು ಎಷ್ಟಿವೆಯೋ ಅಷ್ಟು ಸಲ ಅನುಪಾತವನ್ನು ಅದರಿಂದಲೇ ಗುಣಿಸಿ, ಮೊದಲ ಪದದಿಂದ ಗುಣಿಸಿದರೆ ‘ಗುಣಧನ’. ಅದರಲ್ಲಿ ಮೊದಲ ಪದವನ್ನು ಕಳೆದು, ಒಂದು ಕಡಿಮೆ ಮಾಡಿದ ಅನುಪಾತದಿಂದ ಭಾಗಿಸಿದರೆ ‘ಗುಣಸಂಕಲಿತ’. ನಮ್ಮ ಲೆಕ್ಕದಲ್ಲಿ ಗುಣಧನ ಎಂದರೆ ಆ 162: ಸಾಲಿನಲ್ಲಿ ಇಲ್ಲದ, ಸಾಲು ಮುಗಿದ ಮೇಲಿನ ಮೆಟ್ಟಿಲು. ಅದಕ್ಕೊಂದು ಹೆಸರು ಕೊಟ್ಟದ್ದೇ ಜಾಣತನ. ಇಂದಿನ ವಿದ್ಯಾರ್ಥಿಗಳು ಎಡವುವುದು ಸರಿಯಾಗಿ ಅಲ್ಲಿಯೇ. ಕೊನೆಯ ಪದದಲ್ಲಿ ಘಾತ ಪದಗಳ ಸಂಖ್ಯೆಗಿಂತ ಒಂದು ಕಡಿಮೆ, ಮೊತ್ತದ ಸೂತ್ರದಲ್ಲಿ ಘಾತ ಪದಗಳ ಸಂಖ್ಯೆಯಷ್ಟೇ. ಯಾವುದು ಎಲ್ಲಿ ಎಂದು ಪರೀಕ್ಷೆಯ ಹಿಂದಿನ ರಾತ್ರಿ ಗೊಂದಲ. ಮೊತ್ತಕ್ಕೆ ಕೊನೆಯ ಮೆಟ್ಟಿಲಿಗಿಂತ ಒಂದು ಮೇಲಕ್ಕೆ ಕಾಲಿಡಬೇಕು ಎಂದು ಗೊತ್ತಿದ್ದರೆ ಆ ಗೊಂದಲಕ್ಕೆ ಜಾಗವಿರುವುದಿಲ್ಲ.

ಒಂದು ಲೆಕ್ಕವನ್ನು ಕೊನೆಯವರೆಗೂ ಮಾಡಿ ನೋಡೋಣ. ಚದುರಂಗದ ಮನೆಗಳ ಮೇಲೆ ಕಾಳು ಇಡುವ ಕತೆಯನ್ನು ಎಲ್ಲರೂ ಹೇಳುತ್ತಾರೆ, ನಾನು ಬಿಡುತ್ತೇನೆ. ಭಾಸ್ಕರಾಚಾರ್ಯರು 1150ರಲ್ಲಿ ಬರೆದ ‘ಲೀಲಾವತಿ’ಯಲ್ಲಿ ನನಗೆ ಅದಕ್ಕಿಂತ ಹಿಡಿಸಿದ ಲೆಕ್ಕವೊಂದಿದೆ. ಒಬ್ಬ ದಾನಿ ಬೇಡಿ ಬಂದವರಿಗೆ ಮೊದಲ ದಿನ ಎರಡು ಕವಡೆ ಕೊಟ್ಟು, ದಿನದಿನವೂ ದುಪ್ಪಟ್ಟು ಕೊಡುತ್ತೇನೆ ಎಂದು ಮಾತು ಕೊಟ್ಟ. ಒಂದು ತಿಂಗಳಿಗೆ ಅವನು ಕೊಟ್ಟ ನಿಷ್ಕಗಳೆಷ್ಟು? ನಿಷ್ಕ ಎಂದರೆ ಅಂದಿನ ದೊಡ್ಡ ನಾಣ್ಯ. 20 ಕವಡೆಗೆ ಒಂದು ಕಾಕಿಣಿ, 4 ಕಾಕಿಣಿಗೆ ಒಂದು ಪಣ, 16 ಪಣಕ್ಕೆ ಒಂದು ದ್ರಮ್ಮ, 16 ದ್ರಮ್ಮಕ್ಕೆ ಒಂದು ನಿಷ್ಕ. ಗುಣಿಸಿದರೆ ಒಂದು ನಿಷ್ಕಕ್ಕೆ 20,480 ಕವಡೆ.

ತಿಂಗಳಿಗೆ 30 ದಿನ. ಹಾಗಾದರೆ 2³⁰ ಬೇಕು. ಮೂವತ್ತು ಸಲ ಎರಡರಿಂದ ಗುಣಿಸುತ್ತ ಕೂರಬೇಕೇ? ಬೇಡ. ಘಾತ ಸಮಸಂಖ್ಯೆಯಾದರೆ ಅರ್ಧ ಮಾಡಿ ‘ವರ್ಗ’ ಎಂದು ಬರೆಯಿರಿ, ಬೆಸಸಂಖ್ಯೆಯಾದರೆ ಒಂದು ಕಳೆದು ‘ಗುಣ’ ಎಂದು ಬರೆಯಿರಿ, ಸೊನ್ನೆ ಬರುವವರೆಗೆ ಹೋಗಿ. 30ರ ಅರ್ಧ 15, ವರ್ಗ. 15ರಲ್ಲಿ ಒಂದು ಕಳೆದರೆ 14, ಗುಣ. 7, ವರ್ಗ. 6, ಗುಣ. 3, ವರ್ಗ. 2, ಗುಣ. 1, ವರ್ಗ. 0, ಗುಣ. ಈಗ 1ರಿಂದ ಹೊರಟು ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದಿ: ‘ಗುಣ’ ಎಂದಲ್ಲಿ 2ರಿಂದ ಗುಣಿಸಿ, ‘ವರ್ಗ’ ಎಂದಲ್ಲಿ ವರ್ಗ ಮಾಡಿ. 2, 4, 8, 64, 128, 16,384, 32,768, ಕೊನೆಗೆ 1,07,37,41,824. ಎಂಟೇ ಹೆಜ್ಜೆ. ಇದು ಭಾಸ್ಕರರಿಗಿಂತ ಬಹಳ ಹಿಂದಿನ ಪಿಂಗಲನ ಛಂದಶ್ಶಾಸ್ತ್ರದಲ್ಲೇ ಎರಡರ ಘಾತಗಳಿಗೆ ಬಳಕೆಯಾದ ಉಪಾಯ. ಲಘು ಗುರುಗಳನ್ನು ಜೋಡಿಸಿ ಎಷ್ಟು ಬಗೆಯ ಪಾದಗಳನ್ನು ಮಾಡಬಹುದು ಎಂದು ಎಣಿಸಲು ಅವನಿಗೆ ಅದು ಬೇಕಿತ್ತು. ಬ್ಯಾಂಕಿನ ವ್ಯವಹಾರವನ್ನು ಗುಟ್ಟಾಗಿಡುವ ಇಂದಿನ ಗೂಢಲಿಪಿಯಲ್ಲಿ ಭಾರೀ ಘಾತಗಳನ್ನು ಲೆಕ್ಕ ಹಾಕುವಾಗಲೂ ಕಂಪ್ಯೂಟರ್ ಮೂಲತಃ ಮಾಡುವುದು ಇದನ್ನೇ.

ದಾನಿಯ ಲೆಕ್ಕಕ್ಕೆ ಬರೋಣ. ಮೊದಲ ಪದ 2, ಮೂವತ್ತೊಂದನೆಯ ಮೆಟ್ಟಿಲು 2,14,74,83,648. ಒಟ್ಟು ಏರಿಕೆ 2,14,74,83,646. ಅನುಪಾತ 2 ಆದ್ದರಿಂದ ಛೇದ 1, ಮೊತ್ತವೂ ಅಷ್ಟೇ. ನಿಷ್ಕಕ್ಕೆ ತಂದರೆ 1,04,857 ನಿಷ್ಕ, 9 ದ್ರಮ್ಮ, 9 ಪಣ, 2 ಕಾಕಿಣಿ, 6 ಕವಡೆ. ನಾನು ತರಗತಿಯಲ್ಲಿ ಯಾವಾಗಲೂ ಇದರ ಜೊತೆಗೆ ಇನ್ನೊಂದು ಪ್ರಶ್ನೆ ಕೇಳುತ್ತಿದ್ದೆ: ತಿಂಗಳ ಅರ್ಧ ಕಳೆದಾಗ, ಅಂದರೆ ಹದಿನೈದನೆಯ ದಿನದ ಸಂಜೆ, ಅವನು ಕೊಟ್ಟದ್ದೆಷ್ಟು? ಹುಡುಗರು ‘ಐವತ್ತು ಸಾವಿರ ನಿಷ್ಕ’ ಎಂದು ಕೂಗುತ್ತಿದ್ದರು. 65,534 ಕವಡೆ, ಅಂದರೆ ಮೂರು ನಿಷ್ಕ ಚಿಲ್ಲರೆ. ಆ ಸಂಜೆಯೂ ದಾನಿಗೆ ತನ್ನ ಮಾತು ಸಲೀಸಾಗಿ ನಡೆಯುತ್ತದೆ ಎಂದೇ ಅನಿಸಿರುತ್ತದೆ. ಮೂವತ್ತನೆಯ ದಿನ ಒಂದೇ ದಿನಕ್ಕೆ ಕೊಡಬೇಕಾದದ್ದು ಅದುವರೆಗೆ ಕೊಟ್ಟ ಎಲ್ಲದಕ್ಕಿಂತ ಎರಡು ಕವಡೆ ಹೆಚ್ಚು.

ಇದು ಬರೀ ಕವಡೆಯ ಕತೆಯಲ್ಲ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ ಎಂದು ಕೈಸಾಲ ತೆಗೆದವರು ಬಡ್ಡಿ ಕಟ್ಟದೆ ಬಿಟ್ಟು, ಅದಕ್ಕೆ ಚಕ್ರಬಡ್ಡಿ ಬೀಳುತ್ತ ಹೋದರೆ, ಅನುಪಾತ 1.03. ಅದರ 24ನೆಯ ಘಾತ 2.03. ಎರಡೇ ವರ್ಷಕ್ಕೆ ಸಾಲ ಇಮ್ಮಡಿ. ಮೂರು ಎಂಬುದು ಸಣ್ಣ ಸಂಖ್ಯೆ ಎನಿಸುವುದು ನಮ್ಮ ಮನಸ್ಸು ಕೂಡುವುದಕ್ಕೆ ಒಗ್ಗಿರುವುದರಿಂದ, ಗುಣಿಸುವುದಕ್ಕೆ ಅಲ್ಲ.

ಈಗ ನಿಮ್ಮ ಗಂಟಲಲ್ಲಿ ಸಿಕ್ಕಿಕೊಂಡದ್ದು. ಅಜ್ಜಿಯ ಪಾತ್ರೆಗಳನ್ನು ಹತ್ತಿರ ಎಳೆದುಕೊಳ್ಳಿ. ಒಂದು ಖಾಲಿ ಸೇರಿಗೆ ಮೊದಲು ಒಂದು ಅಚ್ಚೇರು ಅಕ್ಕಿ ಹಾಕಿ. ಅರ್ಧ ತುಂಬಿತು, ಇನ್ನೊಂದು ಅಚ್ಚೇರು ಕೊರತೆ. ಒಂದು ಪಾವು ಹಾಕಿ. ಈಗ ಕೊರತೆ ಒಂದು ಪಾವು. ಅರೆಪಾವು ಹಾಕಿ, ಕೊರತೆ ಅರೆಪಾವು. ಒಂದು ಚಟಾಕು ಹಾಕಿ, ಕೊರತೆ ಒಂದು ಚಟಾಕು. ಪ್ರತಿ ಸಲವೂ ಕೊರತೆ ಎಂದರೆ ಈಗ ತಾನೇ ಹಾಕಿದಷ್ಟು. ಅದರ ಅರ್ಧವನ್ನೇ ಮುಂದೆ ಹಾಕುವುದರಿಂದ ಸೇರು ಎಂದೂ ಉಕ್ಕುವುದಿಲ್ಲ. ಇದೇ ಮೊದಲ ಮಾತು: ಎಷ್ಟು ಸಲ ಹಾಕಿದರೂ ಒಂದು ಸೇರನ್ನು ಮೀರುವಂತಿಲ್ಲ.

ಎರಡನೆಯ ಮಾತು, ಒಂದು ಸೇರಿಗೆ ಎಷ್ಟು ಹತ್ತಿರ ಹೋಗಬಹುದು? ಸೇರಿಗೆ ನಲವತ್ತು ಸಾವಿರ ಅಕ್ಕಿಕಾಳು ಎಂದಿಟ್ಟುಕೊಳ್ಳಿ. ಹದಿನಾರು ಸಲ ಹಾಕಿದ ಮೇಲೆ ಕೊರತೆ ಸೇರಿನ 65,536ನೆಯ ಒಂದು ಭಾಗ. ಅದು ಒಂದು ಕಾಳಿಗಿಂತ ಕಡಿಮೆ. ಕಾಳಿನ ನುಚ್ಚೂ ಬಿಡಬಾರದು ಎನ್ನುತ್ತೀರಾ? ಇನ್ನು ಕೆಲವು ಸಲ ಹಾಕಿದರೆ ನುಚ್ಚಿಗಿಂತ ಕಡಿಮೆ. ನೀವು ಎಷ್ಟೇ ಜಿಗುಟಾಗಿ ‘ಇಷ್ಟು ಕೊರತೆಯನ್ನೂ ಒಪ್ಪುವುದಿಲ್ಲ’ ಎಂದು ಒಂದು ಅಳತೆ ಹೇಳಿದರೂ, ಇಷ್ಟನೆಯ ಸಲದ ಹೊತ್ತಿಗೆ ಕೊರತೆ ಅದಕ್ಕಿಂತ ಕೆಳಗೆ ಬಂದಿರುತ್ತದೆ ಎಂದು ನಾನು ತೋರಿಸಬಲ್ಲೆ. ಅನಂತ ಪದಗಳ ಮೊತ್ತ 1 ಎಂದು ಗಣಿತ ಹೇಳುವಾಗ ಅದರ ಅರ್ಥ ಇಷ್ಟೇ. ಯಾರೋ ಕೂತು ಅನಂತ ಸಲ ಕೂಡಿ ಮುಗಿಸಿದರು ಎಂದಲ್ಲ. ಮೀರುವುದಿಲ್ಲ, ಆದರೆ ಎಷ್ಟು ಬೇಕೆಂದರೂ ಅಷ್ಟು ಹತ್ತಿರ ಹೋಗುತ್ತದೆ. ಅಂಥ ಸಂಖ್ಯೆ ಇಲ್ಲಿ 1 ಒಂದೇ. ಅದನ್ನೇ ಮೊತ್ತ ಎಂದು ಕರೆಯೋಣ ಎಂಬ ಒಪ್ಪಂದ.

ಈ ಅನುಮಾನ ಬಂದವರು ನೀವೇ ಮೊದಲಲ್ಲ ಎಂದು ಹೇಳಲು ನನಗೆ ಖುಷಿ. ಕೇರಳದ ನೀಲಕಂಠ ಸೋಮಯಾಜಿ ಆರ್ಯಭಟೀಯಕ್ಕೆ ಬರೆದ ಭಾಷ್ಯದಲ್ಲಿ ಕಾಲು, ಕಾಲಿನ ಕಾಲು, ಅದರ ಕಾಲು ಹೀಗೆ ಕೂಡುತ್ತ ಹೋದರೆ ಮೂರನೆಯ ಒಂದು ಭಾಗವಾಗುತ್ತದೆ ಎನ್ನುತ್ತಾರೆ. ಹೇಳಿ ಸುಮ್ಮನಾಗುವುದಿಲ್ಲ. ಅಷ್ಟನ್ನು ಮೀರುವುದಿಲ್ಲ ಎಂದು ಹೇಗೆ ಗೊತ್ತು, ಅಷ್ಟರವರೆಗೆ ಬೆಳೆಯುತ್ತದೆ ಎಂದೂ ಹೇಗೆ ಗೊತ್ತು ಎಂಬ ಎರಡು ಪ್ರಶ್ನೆಗಳನ್ನು ತಾವೇ ಎತ್ತುತ್ತಾರೆ. ಆರ್ಕಿಮಿಡೀಸ್ ಇದೇ ನಾಲ್ಕನೆಯ ಒಂದರ ಶ್ರೇಢಿಯನ್ನು ಅದಕ್ಕೂ ಬಹಳ ಹಿಂದೆ, ಪರವಲಯದ ಒಂದು ತುಂಡಿನ ವಿಸ್ತೀರ್ಣ ಅಳೆಯಲು ಬಳಸಿದ್ದ.

ಆ ಮೂರನೆಯ ಒಂದು ಭಾಗವನ್ನು ಒಂದು ಹೋಳಿಗೆಯಲ್ಲಿ ತೋರಿಸಬಹುದು. ಮೂವರು ಮಕ್ಕಳು, ಹೋಳಿಗೆ ಒಂದೇ, ಸರಿಯಾಗಿ ಮೂರು ಪಾಲು ಮಾಡಲು ಕೈ ಬಾರದು. ನಾಲ್ಕು ಪಾಲು ಮಾಡುವುದು ಸುಲಭ. ನಾಲ್ಕು ಮಾಡಿ ಮೂವರಿಗೂ ಒಂದೊಂದು ಕೊಡಿ. ಉಳಿದ ಒಂದನ್ನು ಮತ್ತೆ ನಾಲ್ಕು ಮಾಡಿ, ಮತ್ತೆ ಒಂದೊಂದು ಕೊಡಿ. ಹೀಗೇ. ಪ್ರತಿ ಮಗುವಿಗೆ ಸಿಗುವುದು ಕಾಲು, ಜೊತೆಗೆ ಕಾಲಿನ ಕಾಲು, ಜೊತೆಗೆ ಅದರ ಕಾಲು. ತಟ್ಟೆಯಲ್ಲಿ ಉಳಿಯುವುದು ಇರುವೆಗೂ ಸಾಲದಷ್ಟಾಗುತ್ತದೆ. ಮೂವರಿಗೂ ಸಮಪಾಲು ಸಿಕ್ಕಿದೆ, ಹಾಗಾದರೆ ಪ್ರತಿಯೊಬ್ಬರದ್ದು ಮೂರನೆಯ ಒಂದು ಭಾಗವಲ್ಲದೆ ಇನ್ನೇನು? ಸೂತ್ರ ಹಾಕಿ ನೋಡಿ: ಮೊದಲ ಪದ ಕಾಲು, ಅದನ್ನು ‘ಒಂದು ಕಳೆ ಕಾಲು’ ಎಂದರೆ ಮುಕ್ಕಾಲಿನಿಂದ ಭಾಗಿಸಬೇಕು. ಮೂರನೆಯ ಒಂದು. ಈ ಸಲ ‘ಒಂದು ಕಳೆ ಅನುಪಾತ’ ಎಂದಾದದ್ದೇಕೆ ಎಂದು ಮಗಳು ಕೇಳಿದರೆ: ಇಲ್ಲಿ ಮೆಟ್ಟಿಲು ಇಳಿಯುತ್ತಿದ್ದೇವೆ, ಪ್ರತಿ ಸಲ ಮುಕ್ಕಾಲು ಪಾಲು ಇಳಿದು ಕೊನೆಗೆ ನೆಲ ಮುಟ್ಟುತ್ತೇವೆ. ಒಟ್ಟು ಇಳಿದದ್ದು ಮೊದಲ ಪದದಷ್ಟೇ. ಅದೇ ಬೀಗದಕೈ, ತಿರುಗಿಸಿದ್ದು ಇನ್ನೊಂದು ಕಡೆಗೆ.

ನೆಲ ಮುಟ್ಟಬೇಕಾದರೆ ಇಳಿಯಲೇಬೇಕು. ಅನುಪಾತ, ಋಣವೋ ಧನವೋ, ಗಾತ್ರದಲ್ಲಿ ಒಂದಕ್ಕಿಂತ ಕಡಿಮೆ ಇದ್ದರೆ ಮಾತ್ರ ಈ ಸೂತ್ರ. ಇದನ್ನು ಮರೆತು 1 + 2 + 4 + 8 + … ಎಂಬ ಸಾಲಿಗೆ ಅನಂತ ಮೊತ್ತದ ಸೂತ್ರ ಹಾಕಿದರೆ ಉತ್ತರ −1 ಬರುತ್ತದೆ. ಉತ್ತರ ಪತ್ರಿಕೆಗಳಲ್ಲಿ ಇಂಥವನ್ನು ನಾನು ನೋಡಿದ್ದೇನೆ, ಕೆಳಗೆ ಎರಡು ಗೆರೆ ಎಳೆದು ಭದ್ರಪಡಿಸಿದ್ದನ್ನೂ.

ಇನ್ನು 0.363636… ಎಂಬಂಥ ಮುಗಿಯದ ದಶಮಾಂಶಗಳೂ ಇದೇ ಜಾತಿ. ಮೊದಲ ಪದ 0.36, ಅನುಪಾತ ನೂರನೆಯ ಒಂದು. 0.36 ಭಾಗಿಸು 0.99, ಅಂದರೆ 4/11. ನೂರರಿಂದ ಗುಣಿಸಿ ಕಳೆಯುವ ಪದ್ಧತಿಯನ್ನು ಮಗಳು ಹೈಸ್ಕೂಲಿನಲ್ಲಿ ಮಾಡಿರುತ್ತಾಳೆ. ಒಂದು ಮನೆ ಸರಿಸಿ ಕಳೆಯುವ ಕೈಚಳಕ ಅವಳಿಗೆ ಆಗಲೇ ಗೊತ್ತಿತ್ತು.

ಪ್ರಯೋಜನ ಕೇಳಿದಿರಿ. ಬಿ.ಕಾಂ. ಓದಿದವರಿಗೆ ನಾನು ಸಾಲದ ಕಂತನ್ನೇ ತೋರಿಸಬೇಕು. ಒಂದು ಲಕ್ಷ ಸಾಲ, ತಿಂಗಳಿಗೆ ಶೇಕಡಾ 1 ಬಡ್ಡಿ, ಹನ್ನೆರಡು ಸಮ ಕಂತು. ಏನನ್ನೂ ಕಟ್ಟದಿದ್ದರೆ ವರ್ಷದ ಕೊನೆಗೆ ಸಾಲ 1.01ರ 12ನೆಯ ಘಾತದಷ್ಟು ಪಟ್ಟು ಬೆಳೆದು 1,12,682.50 ರೂಪಾಯಿ ಆಗುತ್ತಿತ್ತು. ಈ ಬೆಳವಣಿಗೆಯನ್ನು ನಮ್ಮ ಕಂತುಗಳು ತೀರಿಸಬೇಕು. ಮೊದಲ ಕಂತು ಹನ್ನೊಂದು ತಿಂಗಳು ಮುಂಚೆ ಕಟ್ಟಿದ್ದು, ಹಾಗಾಗಿ ಅದರ ಬೆಲೆ ವರ್ಷದ ಕೊನೆಗೆ 1.01ರ 11ನೆಯ ಘಾತದಷ್ಟು ಪಟ್ಟು. ಎರಡನೆಯದಕ್ಕೆ 10ನೆಯ ಘಾತ. ಕೊನೆಯ ಕಂತು ಇದ್ದಷ್ಟೇ. ಕೊನೆಯಿಂದ ಓದಿದರೆ ಇದು 1.01 ಅನುಪಾತದ ಹನ್ನೆರಡು ಪದಗಳ ಶ್ರೇಢಿ. ಮೊತ್ತ? ಒಟ್ಟು ಏರಿಕೆ 0.126825, ಅದನ್ನು ‘1.01 ಕಳೆ 1’ರಿಂದ ಭಾಗಿಸಬೇಕು. ಆ 0.01 ಏನೆಂದು ಗುರುತು ಸಿಕ್ಕಿತೇ? ನಿಮ್ಮ ಬಡ್ಡಿದರ. ಛೇದದಲ್ಲಿ ಇಷ್ಟು ಹೊತ್ತು ನಾವು ಹುಡುಕಿದ್ದು ಬಡ್ಡಿದರವನ್ನೇ, ನೀವು ಮೂರು ವರ್ಷ ಅದನ್ನೇ ಓದಿದ್ದಿರಿ. ಭಾಗಿಸಿದರೆ 12.6825. ಆದ್ದರಿಂದ ಕಂತು 1,12,682.50 ಭಾಗಿಸು 12.6825, ಅಂದರೆ 8,885 ರೂಪಾಯಿ. ವರ್ಷಕ್ಕೆ ಕಟ್ಟಿದ ಬಡ್ಡಿ ಒಟ್ಟು 6,619 ರೂಪಾಯಿಯ ಹತ್ತಿರ.

ಈಗ ಇನ್ನೊಬ್ಬರು ಬಂದು ‘ನಮ್ಮಲ್ಲೂ ವರ್ಷಕ್ಕೆ ಶೇಕಡಾ ಹನ್ನೆರಡೇ, ಫ್ಲ್ಯಾಟ್ ರೇಟ್’ ಎನ್ನುತ್ತಾರೆ. ಲಕ್ಷಕ್ಕೆ ಹನ್ನೆರಡು ಸಾವಿರ ಸೇರಿಸಿ ಹನ್ನೆರಡರಿಂದ ಭಾಗಿಸಿ 9,333 ರೂಪಾಯಿ ಕಂತು ಮಾಡುತ್ತಾರೆ. ಕಂತಿಗೆ ನಾಲ್ಕುನೂರೈವತ್ತು ರೂಪಾಯಿಯಷ್ಟೇ ಹೆಚ್ಚು, ಕಣ್ಣಿಗೆ ದೊಡ್ಡದಾಗಿ ಕಾಣದು. ಆದರೆ ಅಸಲು ತಿಂಗಳು ತಿಂಗಳೂ ಕರಗುತ್ತಿದ್ದರೂ ಬಡ್ಡಿ ಮಾತ್ರ ಪೂರ್ತಿ ಲಕ್ಷದ ಮೇಲೆಯೇ ಬಿದ್ದಿದೆ. ಆ ಕಂತನ್ನು ಇದೇ ಶ್ರೇಢಿಗೆ ಹಾಕಿ ಹಿಂದಕ್ಕೆ ಲೆಕ್ಕ ಹಾಕಿದರೆ ನಿಜವಾದ ಬಡ್ಡಿ ತಿಂಗಳಿಗೆ ಶೇಕಡಾ 1.79ರ ಆಸುಪಾಸು, ವರ್ಷಕ್ಕೆ ಇಪ್ಪತ್ತೊಂದೂವರೆ. ನನ್ನ ಮೊದಲ ಸ್ಕೂಟರನ್ನು ನಾನು ಕೊಂಡದ್ದು ಹೀಗೆಯೇ. ಆಗ ನಾನು ಗಣಿತದ ಉಪನ್ಯಾಸಕನಾಗಿದ್ದೆ ಎಂಬುದನ್ನು ಮನೆಯಲ್ಲಿ ಈಗಲೂ ನೆನಪಿಸುತ್ತಾರೆ.

ಪರೀಕ್ಷೆಯ ದೃಷ್ಟಿಯಿಂದ ಮಗಳಿಗೆ ಒಂದು ಎಚ್ಚರಿಕೆ ಸಾಕು. ‘ಶೇಕಡಾ 10 ಹೆಚ್ಚಾಯಿತು’ ಎಂದರೆ ಅನುಪಾತ 1.1, 0.1 ಅಲ್ಲ. ‘ಶೇಕಡಾ 20 ಕಡಿಮೆಯಾಯಿತು’ ಎಂದರೆ 0.8. ಇಲ್ಲಿಯೂ ಮರೆತುಹೋಗುವುದು ಅದೇ ‘ಒಂದು’: ಇದ್ದದ್ದು ಇದ್ದೇ ಇದೆ ಎಂಬ ಒಂದು. ಬೆಲೆ ಶೇಕಡಾ 20 ಏರಿ ಮತ್ತೆ ಶೇಕಡಾ 20 ಇಳಿದರೆ 1.2 × 0.8, ಅಂದರೆ 0.96. ಮೊದಲಿದ್ದಲ್ಲಿಗೆ ಬರುವುದಿಲ್ಲ.

ಕೈಯಲ್ಲಿ ಹಿಡಿದು ನೋಡುವಂಥದ್ದು ಬೇಕೆಂದರೆ ಜೆರಾಕ್ಸ್ ಅಂಗಡಿಯ ಎ4 ಹಾಳೆ ತರಲಿ. ಎ0 ಎಂಬ ದೊಡ್ಡ ಹಾಳೆಯ ವಿಸ್ತೀರ್ಣ ಒಂದು ಚದರ ಮೀಟರ್. ಅದರ ಅರ್ಧ ಎ1, ಅದರ ಅರ್ಧ ಎ2, ಆಮೇಲೆ ಎ3, ಎ4. ಅಚ್ಚೇರು, ಪಾವು, ಅರೆಪಾವು, ಚಟಾಕಿನ ಸಾಲೇ ಕಾಗದದಲ್ಲಿ. ಎ1, ಎ2, ಎ3, ಎ4 ಒಂದೊಂದನ್ನು ಎ0 ಮೇಲೆ ಜೋಡಿಸಿದರೆ ಒಂದು ಮೂಲೆ ಖಾಲಿ ಉಳಿಯುತ್ತದೆ, ಅದು ಸರಿಯಾಗಿ ಇನ್ನೊಂದು ಎ4ರಷ್ಟು. ಎ4 ಎಂದರೆ ಚದರ ಮೀಟರಿನ ಒಂದು ವೀಸ, ಹದಿನಾರನೆಯ ಒಂದು ಭಾಗ. ಪೊಟ್ಟಣದ ಮೇಲೆ 80 ಜಿಎಸ್‌ಎಂ ಎಂದಿದ್ದರೆ ಚದರ ಮೀಟರಿಗೆ 80 ಗ್ರಾಂ ತೂಕ ಎಂದರ್ಥ. ಹಾಗಾದರೆ ಒಂದು ಹಾಳೆ 5 ಗ್ರಾಂ, 500 ಹಾಳೆಯ ಒಂದು ರೀಮ್ ಎರಡೂವರೆ ಕಿಲೋ. ತಕ್ಕಡಿ ಇದ್ದರೆ ಇಟ್ಟು ನೋಡಲಿ.